ಒಂದು ಲೋಟ ಹಾಲಿನ ಲಗತ್ತು

ಗೌಸ ಓಡುವುದನ್ನು ಬಿಟ್ಟದ್ದು 1966ರ ಜೂನ್ ತಿಂಗಳ ಒಂದು ಮಂಗಳವಾರ. ಅಲ್ಲಿಯವರೆಗೆ ಅವನೂ ಎಲ್ಲರಂತೆ ತಡವಾದಾಗ ಓಡುತ್ತಿದ್ದ.

ಅವನು ಮುಂಬಯಿಯ ಫೋರ್ಟಿನ ಒಂದು ಸಾಲಿಸಿಟರ್ ಆಫೀಸಿನಲ್ಲಿ ಪ್ಯೂನ್. ವಕೀಲರ ಕಾಗದಗಳನ್ನು ಕೋರ್ಟಿಗೆ, ಬೇರೆ ವಕೀಲರಲ್ಲಿಗೆ, ಸರಕಾರಿ ಕಚೇರಿಗಳಿಗೆ ಮುಟ್ಟಿಸಿ, ಮುಟ್ಟಿದ್ದಕ್ಕೆ ಡೆಲಿವರಿ ಪುಸ್ತಕದಲ್ಲಿ ಸಹಿ ಹಾಕಿಸಿಕೊಂಡು ಬರುವುದು ಅವನ ಕೆಲಸ. ಆ ಮಂಗಳವಾರ ಹನ್ನೊಂದು ಗಂಟೆಯೊಳಗೆ ಒಂದು ಅರ್ಜಿ ಹೈಕೋರ್ಟಿನ ಕಿಟಕಿ ಸೇರಬೇಕಿತ್ತು. ಟೈಪಾಗುವುದು ತಡವಾಯಿತು. ಗೌಸ ಚಪ್ಪಲಿಯನ್ನು ಬಲಗೈಯಲ್ಲಿ ಹಿಡಿದು, ಕೆಂಪು ದಾರದ ಕಟ್ಟನ್ನು ಎಡಗಂಕುಳಲ್ಲಿ ಒತ್ತಿಕೊಂಡು ಓಡಿದ. ಫೌಂಟನ್ ಹತ್ತಿರ ಯಾರೋ "ಚೋರ್!" ಎಂದರು. ಕಟ್ಟು ಹಿಡಿದು ಬರಿಗಾಲಲ್ಲಿ ಓಡುವವನನ್ನು ಕಂಡರೆ ಇನ್ನೇನು ಅನ್ನುತ್ತಾರೆ? ನಾಲ್ಕು ಜನ ಹಿಡಿದರು, ಒಬ್ಬ ಕಪಾಳಕ್ಕೆ ಹೊಡೆದ, ಹವಾಲ್ದಾರ ಬಂದು ಕಟ್ಟು ಬಿಚ್ಚಿಸಿ ಒಂದೊಂದೇ ಹಾಳೆ ತಿರುವಿ ನೋಡಿದ. ಹಣವಿರಲಿಲ್ಲ. ಕಿಟಕಿಯ ಹತ್ತಿರ ಹೋದಾಗ ಹನ್ನೊಂದು ದಾಟಿ ಹತ್ತು ನಿಮಿಷವಾಗಿತ್ತು.

ಹೆಡ್ ಕ್ಲರ್ಕ್ ಬೈಯಲಿಲ್ಲ. "ಇನ್ನು ಮೇಲೆ ಓಡಬೇಡ. ಎಷ್ಟು ಬೇಗ ಬೇಕಾದರೂ ನಡಿ, ಆದರೆ ನಡಿ" ಎಂದರು. ಗೌಸನಿಗೆ ಯಾರಾದರೂ ಒಂದು ಮಾತು ಹೇಳಿದರೆ ಅದನ್ನು ಹೇಳಿದ ಹಾಗೆಯೇ ಮಾಡುವ ಸ್ವಭಾವ. ಮರುದಿನದಿಂದ ಅವನು ನಡೆದ. ಆಫೀಸಿನಿಂದ ಹೈಕೋರ್ಟಿಗೆ ಮೊದಲು ಹನ್ನೊಂದು ನಿಮಿಷ ಬೇಕಾಗುತ್ತಿತ್ತು. ಒಂದು ವರ್ಷದಲ್ಲಿ ಅದು ಆರೂವರೆಗೆ ಇಳಿಯಿತು. ಮೊಣಕಾಲು ನೆಟ್ಟಗೆ, ಹಿಮ್ಮಡಿ ಮೊದಲು ನೆಲಕ್ಕೆ, ಸೊಂಟ ಆ ಕಡೆ ಈ ಕಡೆ. ಎಡಗೈ ಮಾತ್ರ ಕಾಗದದ ಕಟ್ಟನ್ನು ಒತ್ತಿಕೊಂಡು ಪಕ್ಕೆಗೆ ಅಂಟಿಯೇ ಇರುತ್ತಿತ್ತು. ಕಟ್ಟು ಇಲ್ಲದಾಗಲೂ ಅದು ಹಾಗೆಯೇ ಇರುತ್ತಿತ್ತು.

ಎದುರಿನ ಬಿಲ್ಡಿಂಗಿನ ಗೇಟಿನಲ್ಲಿ ಸ್ಟೂಲಿನ ಮೇಲೆ ಕೂತಿರುತ್ತಿದ್ದ ವಾಚ್‌ಮನ್ ಭೀಮರಾಯ ಇದನ್ನು ದಿನಾ ನೋಡುತ್ತಿದ್ದ. ಮುಧೋಳದ ಕಡೆಯವನು, ಹದಿನೇಳು ವರ್ಷ ಫೌಜಿನಲ್ಲಿದ್ದು ಅಲ್ಲಿ ನಡಿಗೆಯ ಪಂದ್ಯದಲ್ಲಿ ಗೆದ್ದವನು. ನಡಿಗೆಯ ಪಂದ್ಯವೆಂದರೆ ಒಂದು ಕಾಲಾದರೂ ಯಾವಾಗಲೂ ನೆಲದ ಮೇಲಿರಬೇಕು. ಎರಡೂ ಒಟ್ಟಿಗೆ ನೆಲ ಬಿಟ್ಟರೆ ಅದು ಓಟ. ಪಂಚರು ಕೆಂಪು ಬಾವುಟ ತೋರಿಸಿ ಹೊರಗೆ ಕಳಿಸುತ್ತಾರೆ.

1968ರ ಜನವರಿಯಲ್ಲಿ ಒಂದು ದಿನ ಭೀಮರಾಯ ಅವನನ್ನು ತಡೆದು ನಿಲ್ಲಿಸಿದ.

"ಲೇ ತಮ್ಮಾ, ನಿನ್ನ ಎರಡೂ ಕಾಲು ಒಮ್ಮೆಲೆ ನೆಲಾ ಬಿಡೂದೇ ಇಲ್ಲಲ್ಲೋ!"

"ಬಿಟ್ರ ಪೊಲೀಸ್ರು ಹಿಡೀತಾರ್ರಿ ಅಣ್ಣಾರ" ಎಂದ ಗೌಸ.

ಭೀಮರಾಯ ಸ್ಟೂಲಿನಿಂದ ಬೀಳುವಷ್ಟು ನಕ್ಕ. ಆಮೇಲೆ ಊರು ಕೇಳಿದ. ತಾಳಿಕೋಟಿ ಎಂದು ತಿಳಿದ ಮೇಲೆ, "ನಮ್ಮ ಜಿಲ್ಲೇದಾಂವ ನೀ. ನಾಳಿ ಮುಂಜಾನೆ ಐದೂವರಿಗೆ ಓವಲ್ ಮೈದಾನಕ್ಕ ಬಾ" ಎಂದು ಅಪ್ಪಣೆ ಮಾಡಿದ.

ಗೌಸ ಕುರ್ಲಾದ ಒಂದು ಚಾಳಿನಲ್ಲಿ ಹೆಂಡತಿ ಜೈತುನಬಿ ಮತ್ತು ಇಬ್ಬರು ಹೆಣ್ಣುಮಕ್ಕಳ ಜೊತೆ ಇದ್ದ. ಚಾಳಿನಲ್ಲಿ ಅರವತ್ತು ಮನೆಗೆ ಎರಡು ನಲ್ಲಿ. ನೀರು ಬರುವುದು ಬೆಳಗಿನ ಜಾವ. ಅವನು ಮೊದಲಿನ ಲೋಕಲ್ ಹಿಡಿಯಲು ಹೊರಡುವ ಹೊತ್ತಿಗೆ ಅವಳು ಕೊಡದ ಸಾಲಿನಲ್ಲಿ ನಿಂತಿರುತ್ತಿದ್ದಳು. ಸಾಲಿನ ಹೆಂಗಸರು, "ಜೈತುನ್, ನಿನ್ನ ಗಂಡ ನಸುಕಿನಾಗ ಎಲ್ಲಿಗೆ ಹೊಂಟಾನ?" ಎಂದು ಕೇಳಿದರೆ, "ನಡ್ಯಾಕ" ಎನ್ನುತ್ತಿದ್ದಳು. "ಅಂದ್ರ ಎಲ್ಲಿಗೆ?" ಎಂದರೆ, "ಎಲ್ಲಿಗೂ ಇಲ್ಲ. ಮೈದಾನ ಸುತ್ತಿ ಅಲ್ಲೇ ಬಂದು ನಿಂತ್ಕೋತಾನ" ಎನ್ನುತ್ತಿದ್ದಳು. ಅದರಲ್ಲಿ ಸಿಟ್ಟೂ ಇತ್ತು, ಸ್ವಲ್ಪ ಹೆಮ್ಮೆಯೂ ಇತ್ತು.

ಮೈದಾನದಲ್ಲಿ ಭೀಮರಾಯನಿಗೆ ತೊಂದರೆ ಕೊಟ್ಟದ್ದು ಆ ಎಡಗೈ. "ಕೈ ಬಿಡಲೇ! ಎಡಗೈ ಏನ ಗಿರವಿ ಇಟ್ಟೀಯೇನ?" ಎಂದು ಕೂಗುತ್ತಿದ್ದ. ಕೈ ಬೀಸದೆ ವೇಗ ಬರುವುದಿಲ್ಲ. ಕಡೆಗೆ ಒಂದು ಉಪಾಯ ಮಾಡಿದ. ಆಫೀಸಿನಲ್ಲಿ ಒಂದು ತಿಂಗಳು ಕಟ್ಟನ್ನು ಬಲಗಂಕುಳಲ್ಲಿ ಹಿಡಿ, ಎಡಗೈ ತಾನಾಗಿ ಸಡಿಲವಾಗುತ್ತದೆ ಎಂದ. ಗೌಸ ಹೇಳಿದ ಹಾಗೆಯೇ ಮಾಡಿದ. ತಿಂಗಳ ಕೊನೆಗೆ ಎರಡೂ ಕೈ ಪಕ್ಕೆಗೆ ಅಂಟಿಕೊಂಡವು. ಭೀಮರಾಯ ಟೋಪಿ ತೆಗೆದು ನೆಲಕ್ಕೆ ಬಡಿದ. ಬಲಗೈ ಸರಿಹೋಗಲು ಮಳೆಗಾಲ ಕಳೆಯಬೇಕಾಯಿತು. ಎಡಗೈ ಅರ್ಧಕ್ಕೆ ಬಂದು ನಿಂತಿತು.

ಮೊದಲ ದೊಡ್ಡ ಪಂದ್ಯ 1969ರ ಮಾರ್ಚಿನಲ್ಲಿ. ಇಪ್ಪತ್ತು ಕಿಲೋಮೀಟರ್. ಹದಿನೈದನೆಯ ಕಿಲೋಮೀಟರಿನಲ್ಲಿ ಮೂರನೆಯವನಾಗಿದ್ದ ಗೌಸ ಕಣ್ಣು ಕತ್ತಲೆ ಬಂದು ರಸ್ತೆಯ ಪಕ್ಕದಲ್ಲಿ ಕೂತುಬಿಟ್ಟ. ಬೆಳಿಗ್ಗೆಯಿಂದ ಹೊಟ್ಟೆಗೆ ಬಿದ್ದದ್ದು ಒಂದು ಕಪ್ ಚಹಾ. ಪಗಾರದಲ್ಲಿ ಮಕ್ಕಳಿಗೆ ಹಾಲು ತರುವುದೇ ಕಷ್ಟವಾಗಿದ್ದಾಗ ತನಗೆಂದು ತರುವ ಯೋಚನೆ ಅವನಿಗೆ ಬಂದೇ ಇರಲಿಲ್ಲ.

ಭೀಮರಾಯ ಇದನ್ನು ಹೋಗಿ ದೂಜನಿಗೆ ಹೇಳಿದ. ದೂಜ ಕಾರ್ಕಳದ ಕಡೆಯವನು. ಕೋರ್ಟಿನ ಹಿಂದಿನ ಗಲ್ಲಿಯಲ್ಲಿ ಒಂಬತ್ತು ಮೇಜಿನ ಹೋಟೆಲು ನಡೆಸುತ್ತಿದ್ದ. ಮಾತು ಒರಟು. ಮರುದಿನ ಅಭ್ಯಾಸ ಮುಗಿಸಿ ಬಂದ ಗೌಸನ ಮುಂದೆ ದೊಡ್ಡ ಲೋಟದ ತುಂಬ ಎಮ್ಮೆಯ ಹಾಲು ತಂದು ಕುಟ್ಟಿದ.

"ನಾ ಚಹಾ ಕೇಳಿದ್ದೆ" ಎಂದ ಗೌಸ.

"ಕೇಳಿದ್ದು ಕೊಡ್ಲಿಕ್ಕೆ ನಾನೇನು ನಿನ್ನ ಹೆಂಡ್ತಿಯಾ? ಕುಡಿ ಮಾರಾಯ."

"ರೊಕ್ಕಾ..."

"ಹಣ ಕೇಳಿದೆನಾ ನಾನು? ಕೆನೆ ಬಿಡ್ಬೇಡ, ಕೆನೆಯಲ್ಲೇ ಶಕ್ತಿ ಇರುವುದು."

ಅಂದಿನಿಂದ ದಿನಾ ಒಂದು ಲೋಟ. ಹೋಟೆಲಿಗೆ ರಜೆ ಇದ್ದ ದಿನವೂ ಹಿಂಬಾಗಿಲಲ್ಲಿ ಲೋಟ ಸಿದ್ಧವಿರುತ್ತಿತ್ತು.

ಎರಡೂವರೆ ವರ್ಷ ಹೀಗೆ ಕಳೆಯಿತು. 1971ರ ನವೆಂಬರಿನಲ್ಲಿ ಗೌಸ ರಾಜ್ಯಕ್ಕೆ ಮೊದಲಿಗನಾದ. ಎರಡನೆಯವನು ಹಣಮಂತ. ಬಾಗಲಕೋಟೆಯವನು, ಒಳ್ಳೆಯ ಹುಡುಗ, ಆಟಗಾರರ ಕೋಟಾದಲ್ಲಿ ಒಂದು ಬ್ಯಾಂಕಿಗೆ ಸೇರಿದ್ದ. ಬೆಳಿಗ್ಗೆ ಬ್ಯಾಂಕಿನ ಪುಸ್ತಕದಲ್ಲಿ ಸಹಿ ಹಾಕಿ ಮೈದಾನಕ್ಕೆ ಬಂದರೆ ಸಂಜೆಯವರೆಗೂ ಅವನನ್ನು ಕೇಳುವವರಿಲ್ಲ. ಪಗಾರ ತಿಂಗಳ ಒಂದನೇ ತಾರೀಖು ತಪ್ಪದೆ ಬರುತ್ತಿತ್ತು. "ಗೌಸಣ್ಣ, ನಿನಗೂ ಹಿಂಗ ಒಂದು ನೌಕರಿ ಸಿಕ್ಕಿದ್ರ ನನಗ ನಿನ್ನ ಬೆನ್ನು ಸುದ್ದಾ ಕಾಣತಿದ್ದಿಲ್ಲ" ಎಂದು ಅವನೇ ಹೇಳುತ್ತಿದ್ದ.

ಅಂಥ ನೌಕರಿ ಹತ್ತಿರವೇ ಬಂದಿತ್ತು. ಫೆಬ್ರುವರಿಯಲ್ಲಿ ರಾಷ್ಟ್ರೀಯ ಪಂದ್ಯ. ಅದರಲ್ಲಿ ಮೊದಲ ಮೂವರಲ್ಲಿ ಬಂದರೆ ಕೆಲಸ ಕೊಡುವುದಾಗಿ ರೈಲ್ವೆಯ ಆಟಗಾರರ ಅಧಿಕಾರಿಯೊಬ್ಬರು ಭೀಮರಾಯನಿಗೆ ಹೇಳಿದ್ದರು. ಅಭ್ಯಾಸದ ಹೊತ್ತೂ ಕೆಲಸದ ಹೊತ್ತೆಂದೇ ಲೆಕ್ಕ, ಜೊತೆಗೆ ಕ್ವಾರ್ಟರ್ಸು. ಜೈತುನಬಿ ಒಂದೇ ಪ್ರಶ್ನೆ ಕೇಳಿದಳು. "ಕ್ವಾರ್ಟರ್ಸಿನಾಗ ನಲ್ಲಿ ಒಳಗ ಇರತದೇನ?"

"ಒಳಗಽ ಇರತದಂತ."

ಮರುದಿನ ನೀರಿನ ಸಾಲಿನಲ್ಲಿ ಯಾರೋ ಜಗಳ ತೆಗೆದಾಗ ಅವಳು ಕೊಡ ಹಿಂದಕ್ಕೆ ಸರಿಸಿ ಸುಮ್ಮನೆ ಜಾಗ ಬಿಟ್ಟುಕೊಟ್ಟಳಂತೆ. ಇನ್ನು ಎಷ್ಟು ದಿನದ ಮಾತು ಎಂದು.

ಗೌಸ ಗೆದ್ದ ವಾರದಲ್ಲೇ ದೂಜ ಪತ್ರಿಕೆಯಲ್ಲಿ ಬಂದ ಅವನ ಫೋಟೋ ಕತ್ತರಿಸಿ ಚೌಕಟ್ಟು ಹಾಕಿಸಿ ಗಲ್ಲಾದ ಮೇಲೆ ತೂಗಿಸಿದ. ಕೆಳಗೆ ಒಂದು ಬೋರ್ಡು ಬರೆಸಿದ. ಕನ್ನಡ, ಮರಾಠಿ, ಇಂಗ್ಲಿಷ್ ಮೂರರಲ್ಲೂ: "ರಾಜ್ಯದ ನಡಿಗೆ ವೀರ ಗೌಸ್ ಇವರು ದಿನವೂ ಇಲ್ಲಿಯೇ ಹಾಲು ಕುಡಿಯುತ್ತಾರೆ." ಗಿರಾಕಿಗಳು ಬಂದು "ಏಕ್ ಗೌಸ್ ದೂಧ್" ಎಂದು ಕೇಳತೊಡಗಿದರು. ಗೌಸನಿಗೆ ನಾಚಿಕೆಯಾಗಿ ನಾಲ್ಕು ದಿನ ಹಿಂಬಾಗಿಲಿನಿಂದಲೇ ಬಂದು ಹೋದ.

ಜನವರಿಯಲ್ಲಿ ರಾಜ್ಯದ ಕ್ರೀಡಾ ಸಂಘದಿಂದ ಒಂದು ಫಾರಂ ಬಂತು. ಇಂಗ್ಲಿಷಿನದು, ಒಂದೇ ಹಾಳೆ. ರಾಷ್ಟ್ರೀಯ ಪಂದ್ಯಕ್ಕೆ ಹೋಗುವವರೆಲ್ಲ ಸಹಿ ಮಾಡಬೇಕಾದದ್ದು. ಹಣಮಂತ ಅದನ್ನು ಮೈದಾನದಲ್ಲೇ ಮತ್ತೊಬ್ಬನ ಬೆನ್ನಿನ ಮೇಲಿಟ್ಟು ಸಹಿ ಮಾಡಿ ಕೊಟ್ಟ. ಗೌಸ ಮಡಚಿ ಜೇಬಿನಲ್ಲಿಟ್ಟುಕೊಂಡು ಆಫೀಸಿಗೆ ತಂದ. ಆಫೀಸಿನಲ್ಲಿ ಯಾವ ಕಾಗದಕ್ಕೂ ಓದಿಸದೆ ಸಹಿ ಮಾಡಿಸುತ್ತಿರಲಿಲ್ಲ. ಒಮ್ಮೆ ಒಬ್ಬ ಗಿರಾಕಿ ಪ್ರಮಾಣಪತ್ರದಲ್ಲಿ ಒಂದು ಸಾಲು ತಪ್ಪು ಬರೆಸಿ, ಅದರಿಂದಲೇ ಗಿರಗಾವಿನ ಮನೆ ಕಳೆದುಕೊಂಡದ್ದನ್ನು ಗೌಸ ಕಂಡಿದ್ದ. ಆ ತೀರ್ಪಿನ ನಕಲನ್ನು ಅವನ ಮನೆ ಬಾಗಿಲಿಗೆ ಮುಟ್ಟಿಸಿ ಸಹಿ ತಂದವನೂ ಗೌಸನೇ.

ಆಫೀಸಿನ ಟೈಪಿಸ್ಟ್ ನೀಲಾವತಿ ಮಧ್ಯಾಹ್ನದ ಬಿಡುವಿನಲ್ಲಿ ಓದಿ ಹೇಳಿದಳು. ಅವಳು ಹುಟ್ಟಿ ಬೆಳೆದದ್ದು ಮುಂಬಯಿಯಲ್ಲೇ. ಕನ್ನಡ ಬರುತ್ತಿತ್ತು, ಆದರೆ ನಡುನಡುವೆ ನಿಲ್ಲುತ್ತಿತ್ತು.

"ಸ್ಪೋರ್ಟ್ಸ್ ಕಾರಣದಿಂದ ನಾನು ಪೈಸಾ, ವಸ್ತು, ಯಾವುದೇ ಫಾಯ್ದಾ ತಗೊಂಡಿಲ್ಲ. ಇದು ಮೊದಲನೇದು. ತಗೊಂಡಿದ್ರೆ ಡಿಟೇಲ್ಸ್ ಬೇರೆ ಹಾಳೆಯಲ್ಲಿ ಲಗತ್ತು ಮಾಡ್ಬೇಕು. ಅದು ಎರಡನೇದು. ಕೆಳಗೆ ಸೈನ್. ಬಸ್."

"ಹಾಲು ವಸ್ತು ಹೌದಲ್ಲ ಬಾಯಿ?"

"ಅಯ್ಯೋ ಗೌಸ್ ಭಾಯ್! ಇದು ಯಾರೂ ಓದೋದಿಲ್ಲ. ಮೊದಲನೇದಕ್ಕೆ ಟಿಕ್ ಮಾಡಿ, ಛುಟ್ಟಿ."

"ಓದೂದಿಲ್ಲ ಅಂದ್ರ ಯಾಕ ಬರ್ಸಿಕೋತಾರ?"

ನೀಲಾವತಿ ಟೈಪಿನ ಯಂತ್ರಕ್ಕೆ ಒಂದು ಬಿಳಿ ಹಾಳೆ ಸಿಕ್ಕಿಸಿ, "ಹೇಳಿ" ಎಂದಳು. ಗೌಸ ನೆನಪು ಮಾಡಿಕೊಂಡು ಒಂದೊಂದಾಗಿ ಹೇಳಿದ. ಹೋಟೆಲ್ ಮಾಲೀಕ ದೂಜ ಇವರಿಂದ ದಿನಕ್ಕೆ ಒಂದು ಲೋಟ ಹಾಲು, 1969ರ ಮಾರ್ಚಿನಿಂದ ಇಂದಿನವರೆಗೆ, ರಜಾದಿನ ಸೇರಿ. ವಾಚ್‌ಮನ್ ಭೀಮರಾಯ ಇವರಿಂದ ಕ್ಯಾನ್ವಾಸ್ ಬೂಟು, ವರ್ಷಕ್ಕೆ ಒಂದು ಜೊತೆ. ಕೋರ್ಟಿನ ಗೇಟಿನ ಮೋಚಿ ಶರೀಫ ಇವರಿಂದ ಅದೇ ಬೂಟಿನ ಹೊಲಿಗೆ, ಬೇಕಾದಾಗ. ಆಫೀಸಿನಿಂದ ಪಂದ್ಯದ ದಿನಗಳಲ್ಲಿ ಪಗಾರ ಕಡಿಯದೆ ರಜೆ, ವರ್ಷಕ್ಕೆ ಆರು ದಿನ. ನಾಲ್ಕು ಬಾಬ್ತು. ನೀಲಾವತಿ ಮೇಲೆ "ಲಗತ್ತು ಎ: ಪಡೆದದ್ದರ ವಿವರ" ಎಂಬ ತಲೆಬರಹವನ್ನು ಇಂಗ್ಲಿಷಿನಲ್ಲಿ ಹೊಡೆದು ಅಡಿಗೆರೆ ಎಳೆದಳು. ಗೌಸ ಅದನ್ನು ಫಾರಮಿಗೆ ಪೋಣಿಸಿ, ನಡೆದು ಹೋಗಿ ಸಂಘದ ಕಾರ್ಯದರ್ಶಿಯ ಕೈಗೆ ಕೊಟ್ಟು, ಡೆಲಿವರಿ ಪುಸ್ತಕದಲ್ಲಿ ಸಹಿ ತೆಗೆದುಕೊಂಡು ಬಂದ.

ಮೂರು ದಿನಕ್ಕೆ ಕರೆ ಬಂತು. ಸಂಘದ ಕೋಣೆಯಲ್ಲಿ ಕಾರ್ಯದರ್ಶಿ, ಇಬ್ಬರು ಸದಸ್ಯರು. ಗೌಸನ ಜೊತೆ ಭೀಮರಾಯ. ಮಾತು ಹಿಂದಿಯಲ್ಲಿ ನಡೆಯಿತು. ಕಾರ್ಯದರ್ಶಿ ಕೆಟ್ಟವರಲ್ಲ. ವಯಸ್ಸಾದವರು, ಸ್ವಂತ ಖರ್ಚಿನಲ್ಲಿ ಪಂದ್ಯಗಳಿಗೆ ಸುಣ್ಣ ತರಿಸಿ ಗೆರೆ ಹಾಕಿಸುತ್ತಿದ್ದವರು.

"ಇಪ್ಪತ್ತೆರಡು ವರ್ಷದಿಂದ ಈ ಫಾರಂ ತಗೊಳ್ತಿದ್ದೀನಿ" ಎಂದರು. "ಇದಕ್ಕೆ ಲಗತ್ತು ತಂದವನು ನೀನೇ ಮೊದಲು. ಪೋಸ್ಟಿನಲ್ಲಾದರೂ ಕಳಿಸಬಾರದಿತ್ತೇ? ಕಳೆದುಹೋಯ್ತು ಅಂತಿದ್ದೆ. ನೀನು ನನ್ನ ಸಹಿ ಬೇರೆ ತಗೊಂಡು ಹೋಗಿದ್ದೀಯ!"

ಒಬ್ಬ ಸದಸ್ಯ ಹೋಟೆಲಿಗೆ ಹೋಗಿ ಬೋರ್ಡನ್ನೂ ನೋಡಿಕೊಂಡು ಬಂದಿದ್ದ. "ಹಾಲು ಒಂದೇ ಅಲ್ಲ. ನಿನ್ನ ಹೆಸರಲ್ಲಿ ವ್ಯಾಪಾರ ನಡೆದಿದೆ. ನಿಯಮದ ಪ್ರಕಾರ ಆಟದಿಂದ ಲಾಭ ಪಡೆದವನು ವೃತ್ತಿಪರ. ವೃತ್ತಿಪರನನ್ನು ಕಳಿಸಲಾಗುವುದಿಲ್ಲ."

ಭೀಮರಾಯ ಮೀಸೆ ಕುಣಿಸಿದ. "ಮತ್ತ ಬ್ಯಾಂಕಿನವರು?"

"ಅವರಿಗೆ ಬ್ಯಾಂಕು ಬ್ಯಾಂಕಿನ ಕೆಲಸಕ್ಕೆ ಪಗಾರ ಕೊಡುತ್ತೆ. ನಡೆಯುವುದಕ್ಕಲ್ಲ."

ಗೌಸ ಅಲ್ಲಿಯವರೆಗೆ ಕೈಕಟ್ಟಿ ನಿಂತಿದ್ದವನು ತುಂಬ ಮೆಲ್ಲಗೆ ಕೇಳಿದ. "ಸಾಹೇಬ್ರೆ, ತಪ್ಪು ತಿಳೀಬ್ಯಾಡ್ರಿ. ಅವರು ಕೆಲಸ ಮಾಡದೆ ಪಗಾರ ತಗೊಂಡು ನಡೀತಾರೆ. ನಾನು ಕೆಲಸ ಮಾಡಿ ಪಗಾರ ತಗೊಂಡು, ಹಾಲು ಕುಡಿದು ನಡೀತೀನಿ. ಹಾಲು ಯಾರಾದರೂ ಕೊಡಲೇಬೇಕಲ್ಲ. ನೀವು ಕೊಡ್ತೀರಾ?"

"ನಾವೆಲ್ಲಿಂದ ಕೊಡೋಣ? ಸರಕಾರ ನಮಗೆ ಕೊಡೋದು ಶಿಬಿರದ ಎರಡು ವಾರದ ಊಟಕ್ಕೆ ಮಾತ್ರ. ಉಳಿದ ಐವತ್ತು ವಾರ ಆಟಗಾರ ಏನು ತಿಂತಾನೆ ಅಂತ ಯಾವ ಕಾಗದದಲ್ಲೂ ಬರೆದಿಲ್ಲ." ಕಾರ್ಯದರ್ಶಿ ಕನ್ನಡಕ ತೆಗೆದು ಒರೆಸಿದರು. ಆಮೇಲೆ ಮೇಜಿನ ಡ್ರಾಯರಿನಿಂದ ಒಂದು ಖಾಲಿ ಫಾರಂ ತೆಗೆದು ಗೌಸನ ಮುಂದಿಟ್ಟರು. "ಗುರುವಾರದ ಒಳಗೆ ಇದಕ್ಕೆ ಟಿಕ್ ಮಾಡಿ ತಾ. ಲಗತ್ತು ಬೇಡ. ಬೋರ್ಡು ತೆಗೆಸು. ಮೊದಲಿನದನ್ನು ನಾನೇ ಹರಿದುಹಾಕ್ತೀನಿ. ನಿನ್ನ ಪುಸ್ತಕದಲ್ಲಿ ಸಹಿ ಇದ್ದರೆ ಇರಲಿ, ಯಾರು ಕೇಳ್ತಾರೆ?"

ದಾರಿಯಲ್ಲಿ ಭೀಮರಾಯ ಒಂದೇ ಮಾತು ಹೇಳಿದ. "ಹಾಕಿಬಿಡು ಒಂದು ಗೀಟು. ನಾನೂ ಬೂಟ ಕೊಟ್ಟಿಲ್ಲ ಅಂತೀನಿ."

ಹೋಟೆಲಿಗೆ ಹೋದಾಗ ಬೋರ್ಡೂ ಫೋಟೋವೂ ಆಗಲೇ ಇಳಿದಿದ್ದವು. ಹೊಗೆ ಹಿಡಿದ ಗೋಡೆಯಲ್ಲಿ ಅವು ಇದ್ದ ಜಾಗ ಮಾತ್ರ ಬೆಳ್ಳಗೆ ಕಾಣುತ್ತಿತ್ತು.

"ಎಂತ ಬೋರ್ಡು? ಯಾವ ಹಾಲು?" ಎಂದ ದೂಜ. "ನಾನು ಯಾರಿಗೂ ಹಾಲು ಕೊಟ್ಟದ್ದಿಲ್ಲ. ನನ್ನ ಹೋಟೆಲಲ್ಲಿ ಹಾಲೇ ಇಲ್ಲ." ಅವನ ಬೆನ್ನ ಹಿಂದೆ ಹಾಲು ಉಕ್ಕಿ ಒಲೆಯ ಮೇಲೆ ಸುರಿಯುತ್ತಿತ್ತು. ಅವನು ತಿರುಗಿಯೂ ನೋಡಲಿಲ್ಲ. "ಸಹಿ ಮಾಡು ಗೌಸ. ನಾಳೆ ನೀನು ರೈಲ್ವೆಗೆ ಸೇರಿದರೆ ನನಗೆ ದಿನಕ್ಕೆ ಒಂದು ಲೋಟ ಉಳಿಯಿತಲ್ಲ."

ಹೀಗೆ ತಮಾಷೆ ಮಾಡುವಾಗ ದೂಜನ ಮುಖ ಗಲ್ಲಾದ ಕಡೆಗಿತ್ತು. ಅದನ್ನು ಗೌಸ ಗಮನಿಸಿದ.

ಜೈತುನಬಿಗೆ ಎಲ್ಲವನ್ನೂ ಹೇಳಿದ. ಅವಳು ಅಕ್ಕಿ ಆರಿಸುತ್ತಿದ್ದವಳು ಮೊರ ಕೆಳಗಿಟ್ಟಳು.

"ಒಂದು ಗೀಟಿನ ಮಾತು ಹೌದಲ್ಲ?"

"ಹೌದು."

"ಆ ಗೀಟಿಗೆ ನಲ್ಲಿ ಬರತದ."

"ಗೆದ್ರ ಬರತದ."

"ಗೆಲ್ತೀರಿ ನೀವು. ಇಷ್ಟು ವರ್ಷ ನಾ ಸುಮ್ನ ನೀರಿಗೆ ನಿಂತಿಲ್ಲ." ಅವಳು ಮತ್ತೆ ಮೊರ ಎತ್ತಿಕೊಂಡಳು. ಅಕ್ಕಿಯಲ್ಲಿ ಕಣ್ಣಿಟ್ಟೇ ಕೇಳಿದಳು. "ದೂಜಣ್ಣ ತಾನ ಹಂಗ ಅಂದರೇನ? ಹಾಲು ಕೊಟ್ಟೇ ಇಲ್ಲ ಅಂತ?"

"ಹ್ಞೂಂ. ಅಂದ್ರು."

"ಅಯ್ಯೋ ಪಾಪ" ಎಂದಳು. ಗೀಟಿನ ಮಾತನ್ನು ಮತ್ತೆ ಎತ್ತಲಿಲ್ಲ.

ಗುರುವಾರ ಬೆಳಿಗ್ಗೆ ಗೌಸ ನಿಜವಾಗಿಯೂ ಸಹಿ ಮಾಡಬೇಕೆಂದೇ ಆಫೀಸಿಗೆ ಬಂದ. ಹೆಡ್ ಕ್ಲರ್ಕರ ಪೆನ್ನು ಕೇಳಿ ತಂದ. ಫಾರಮನ್ನು ಬೆಂಚಿನ ಮೇಲೆ ಹರಡಿದ. ಗೀಟು ಹಾಕುವ ಚೌಕ ಬೆರಳಿನ ಉಗುರಿನಷ್ಟಿತ್ತು. ಅದನ್ನು ನೋಡುತ್ತ ಕೂತ. ತಾನು ಗೀಟು ಹಾಕಿದರೆ ಹಣಮಂತನಿಗೆ ನಷ್ಟವಿಲ್ಲ, ಸಂಘಕ್ಕೆ ನಷ್ಟವಿಲ್ಲ, ಸರಕಾರಕ್ಕೂ ಇಲ್ಲ. ಸುಮಾರು ಸಾವಿರ ದಿನ ಬೆಳಿಗ್ಗೆ ಒಲೆಯ ಮುಂದೆ ನಿಂತು, ಕೆನೆ ಬರುವವರೆಗೆ ಕಾದು, ಲೋಟ ತಂದು ಕುಟ್ಟಿದವನೊಬ್ಬನ ಕೆಲಸ ಮಾತ್ರ ಇಲ್ಲವಾಗುತ್ತದೆ. ಅಷ್ಟೇ. ಅಷ್ಟೇ ಎಂದು ಎರಡು ಸಲ ಅಂದುಕೊಂಡ. ಆಮೇಲೆ ಪೆನ್ನಿನ ಮುಚ್ಚಳ ಹಾಕಿ ವಾಪಸು ಕೊಟ್ಟ.

ಖಾಲಿ ಫಾರಮನ್ನು ಖಾಲಿಯಾಗಿಯೇ ಕಾರ್ಯದರ್ಶಿಗೆ ಮುಟ್ಟಿಸಿದ. ಸಹಿಯನ್ನೂ ತೆಗೆದುಕೊಂಡ. ಅವರು ಬೈಯುತ್ತಲೇ ಸಹಿ ಮಾಡಿದರು. ಎರಡು ವರ್ಷ ಯಾವ ಪಂದ್ಯದಲ್ಲೂ ಭಾಗವಹಿಸಬಾರದೆಂದು ಆದೇಶವಾಯಿತು. ಹಣಮಂತ ಹೋಗಿ ರಾಷ್ಟ್ರಕ್ಕೆ ನಾಲ್ಕನೆಯವನಾಗಿ ಬಂದ. ಬಂದ ದಿನವೇ ಮೈದಾನಕ್ಕೆ ಬಂದು, "ಗೌಸಣ್ಣ, ಮೂರನೇದಾಂವ ನಿನ್ನ ಟೈಮಿನಕಿಂತ ಎರಡು ನಿಮಿಷ ಹಿಂದಿದ್ದ" ಎಂದು ಹೇಳಿ ಅತ್ತುಬಿಟ್ಟ. ಗೌಸನೇ ಅವನಿಗೆ ಚಹಾ ಕೊಡಿಸಬೇಕಾಯಿತು.

ಜೈತುನಬಿ ನೀರಿನ ಸಾಲಿನಲ್ಲಿ ಜಾಗ ಬಿಟ್ಟುಕೊಡುವುದನ್ನು ನಿಲ್ಲಿಸಿದಳು.

ಮಾರ್ಚಿನಲ್ಲಿ ನೀಲಾವತಿ ಹಳೆಯ ನಕಲುಗಳನ್ನು ಕಟ್ಟುವಾಗ ಆ ಲಗತ್ತಿನ ಕಾರ್ಬನ್ ಪ್ರತಿ ಸಿಕ್ಕಿತು. ಅವಳು ಅದನ್ನು ಒಮ್ಮೆ ಓದಿದಳು. ಇನ್ನೊಮ್ಮೆ ಓದಿ ಗೌಸನನ್ನು ಕರೆದಳು.

"ಗೌಸ್ ಭಾಯ್, ಇದರಲ್ಲಿ ತಪ್ಪು ಏನೂ ಇಲ್ಲ. ಬರೀ ಹೆಡ್ಡಿಂಗ್ ಗಲತ್ ಇದೆ."

"ಅಂದ್ರ?"

"ಪಡೆದದ್ದು ಅಂತ ಇದೆ. ಬೇಕಾದದ್ದು ಅಂತ ಬರೆದ್ರೆ?"

ಗೌಸನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಪಟ್ಟಿ ಅದೇ. ದಿನಕ್ಕೆ ಒಂದು ಲೋಟ ಹಾಲು, ವರ್ಷಕ್ಕೊಂದು ಜೊತೆ ಬೂಟು, ಅದರ ದುರಸ್ತಿ, ಪಂದ್ಯದ ದಿನಗಳ ಪಗಾರ. ರಾಜ್ಯದ ಪಟ್ಟಿಯಲ್ಲಿರುವ ಪ್ರತಿಯೊಬ್ಬ ನಡಿಗೆಗಾರನಿಗೆ ಇದನ್ನು ಸರಕಾರ ಕೊಡಬೇಕು, ಆಗ ಯಾರೂ ಹೋಟೆಲಿನವರ ಹತ್ತಿರ ಕುಡಿಯಬೇಕಾಗಿಲ್ಲ, ಯಾರೂ ಸುಳ್ಳಿಗೆ ಸಹಿ ಹಾಕಬೇಕಾಗಿಲ್ಲ. ನೀಲಾವತಿ ಒಂದು ವಾರ ಬಿಡುವಿನ ಹೊತ್ತಿನಲ್ಲಿ ಕೂತು ಅದನ್ನು ಅರ್ಜಿ ಮಾಡಿದಳು. ಹಣಮಂತ ಮೊದಲು ಸಹಿ ಹಾಕಿದ, ಈ ಸಲ ಓದಿಸಿಕೊಂಡು. ರಾಜ್ಯದ ಉಳಿದ ಏಳು ನಡಿಗೆಗಾರರು ಹಾಕಿದರು. ಕಡೆಗೆ ಕಾರ್ಯದರ್ಶಿಯೂ ಹಾಕಿದರು. "ನಿನ್ನ ಪುಸ್ತಕಕ್ಕೆ ಸಹಿ ಹಾಕೋದು ನನಗೆ ಅಭ್ಯಾಸವಾಗಿದೆ" ಎಂದರು.

ಅರ್ಜಿ ಸಚಿವಾಲಯಕ್ಕೆ ಹೋಯಿತು. ಅಂಥ ಅರ್ಜಿಗಳು ಅಲ್ಲಿ ಏನಾಗುತ್ತವೆಂದು ಎಲ್ಲರಿಗೂ ಗೊತ್ತು. ಆದರೆ ಸಚಿವಾಲಯದವರಿಗೆ ಗೌಸ ಗೊತ್ತಿರಲಿಲ್ಲ. ಪ್ರತಿ ತಿಂಗಳ ಮೊದಲ ಸೋಮವಾರ ಅವನು ಊಟದ ಬಿಡುವಿನಲ್ಲಿ ಒಂದು ಜ್ಞಾಪನಪತ್ರ ಹಿಡಿದು ಸಚಿವಾಲಯಕ್ಕೆ ನಡೆಯುತ್ತಿದ್ದ. ಹೋಗಲು ಒಂಬತ್ತು ನಿಮಿಷ, ಬರಲು ಒಂಬತ್ತು. ಸಹಿ ಆಗುವವರೆಗೆ ಕಿಟಕಿಯ ಮುಂದಿನಿಂದ ಅಲುಗುತ್ತಿರಲಿಲ್ಲ. ಅಲ್ಲಿನ ಗುಮಾಸ್ತ ಅವನನ್ನು ಕಂಡ ಕೂಡಲೇ, "ಆಲಾ ದೂಧ್‌ವಾಲಾ!" ಎಂದು ಮರಾಠಿಯಲ್ಲಿ ಒಳಗೆ ಕೂಗಿ, ಹಾಲಿನವನು ಬಂದನೆಂದು ಹೇಳುತ್ತಿದ್ದ. ಗೌಸ ನಕ್ಕು ಪುಸ್ತಕ ಮುಂದೆ ಮಾಡುತ್ತಿದ್ದ.

ನಿಷೇಧದ ಆ ಎರಡು ವರ್ಷ ಅವನು ದೂಜನ ಹಾಲನ್ನು ನಿಶ್ಚಿಂತೆಯಿಂದ ಕುಡಿದ. ಕುಡಿಯಬಾರದೆಂಬ ನಿಯಮವಿದ್ದದ್ದು ಸ್ಪರ್ಧಿಗಳಿಗೆ, ಅವನು ಸ್ಪರ್ಧಿಯಾಗಿರಲಿಲ್ಲ. 1974ರಲ್ಲಿ ನಿಷೇಧ ಮುಗಿದ ದಿನ ಬೆಳಿಗ್ಗೆ ದೂಜ ಲೋಟ ತಂದಿಟ್ಟಾಗ ಗೌಸ ಅದನ್ನು ಎರಡೂ ಕೈಯಲ್ಲಿ ಹಿಡಿದು ಹಿಂದಕ್ಕೆ ಸರಿಸಿದ.

"ಇವತ್ತಿಂದ ಬ್ಯಾಡ ದೂಜಣ್ಣ. ಚಹಾ ಕೊಡ್ರಿ. ರೊಕ್ಕಾ ತಗೋರಿ."

ದೂಜ ಅವನನ್ನೂ ಲೋಟವನ್ನೂ ನೋಡಿದ. ಹಾಲನ್ನು ತಾನೇ ಕುಡಿದು, ಚಹಾ ಕೊಟ್ಟು, ಚಹಾದ ಹಣ ತೆಗೆದುಕೊಂಡ. ಆಮೇಲೆ ಎಂಟು ದಿನ ಗೌಸನ ಜೊತೆ ಮಾತಾಡಲಿಲ್ಲ.

ಬರೀ ಚಹಾದ ಮೇಲೆ ನಡೆದು ಆ ವರ್ಷ ಗೌಸ ರಾಜ್ಯಕ್ಕೆ ಏಳನೆಯವನಾದ. ಹದಿನೈದನೆಯ ಕಿಲೋಮೀಟರಿನಲ್ಲಿ ಮತ್ತೆ ಕಣ್ಣು ಕತ್ತಲೆ ಬಂದಿತ್ತು. ಈ ಸಲ ಕೂರಲಿಲ್ಲ, ಅಷ್ಟೇ. ಭೀಮರಾಯ ಅವನ ಬೆನ್ನು ಒರೆಸುತ್ತ, "ನಿನ್ನ ಹಟಕ್ಕ ಯಾರರೆ ಹಾಲು ಕುಡಸಬೇಕು ನೋಡು, ಅದಾದ್ರೂ ಗೆಲ್ಲತದ" ಎಂದ.

ಉತ್ತರ ಬಂದದ್ದು 1975ರ ಜುಲೈಯಲ್ಲಿ. ಗೌಸನ ಪುಸ್ತಕದಲ್ಲಿ ಆ ಕಿಟಕಿಯ ಸಹಿಗಳು ನಲವತ್ತರ ಹತ್ತಿರ ಬಂದಿದ್ದವು. ನೀಲಾವತಿ ಓದಿದಳು. ಬೂಟಿನ ವಿಷಯ ಪರಿಶೀಲನೆಯಲ್ಲಿದೆ. ದುರಸ್ತಿಯ ವಿಷಯ ಬೂಟಿನ ವಿಷಯ ತೀರ್ಮಾನವಾದ ಮೇಲೆ. ಪಗಾರದ ವಿಷಯ ಈ ವಿಭಾಗಕ್ಕೆ ಸಂಬಂಧಿಸಿದ್ದಲ್ಲ. ಹಾಲು ಮಂಜೂರು. ರಾಜ್ಯದ ಪಟ್ಟಿಯ ಮೊದಲ ಎಂಟು ನಡಿಗೆಗಾರರಿಗೆ ದಿನಕ್ಕೆ ಅರ್ಧ ಲೀಟರು, ಸರಕಾರಿ ಹಾಲಿನ ಕಾರ್ಡಿನ ಮೇಲೆ.

"ನಾಲ್ಕರಲ್ಲಿ ಒಂದು" ಎಂದಳು ನೀಲಾವತಿ, ಬೇಸರದಿಂದ.

"ಏಳನೇದಾಂವ ಎಂಟರೊಳಗ ಬರತಾನಲ್ಲ ಬಾಯಿ?" ಎಂದ ಗೌಸ.

ಆ ಕಾರ್ಡನ್ನು ಅವನು ಮನೆಗೆ ತಂದಾಗ ಜೈತುನಬಿ ಬೆಳಕಿಗೆ ಹಿಡಿದು ನೋಡಿದಳು. "ಸರಕಾರದ ಸಿಕ್ಕಾ ಅದ" ಎಂದಳು. "ನಲ್ಲೀದು?" ಎಂದೂ ಕೇಳಿದಳು. ಗೌಸ ತಲೆ ಅಲ್ಲಾಡಿಸಿದ. ರೈಲ್ವೆಯ ಮಾತು ಮುಗಿದಿತ್ತು, ಅವರ ವಯಸ್ಸಿನ ಮಿತಿಯನ್ನು ಅವನು ದಾಟಿದ್ದ. ಅವಳು ಕಾರ್ಡನ್ನು ಟ್ರಂಕಿನಲ್ಲಿ, ರೇಶನ್ ಕಾರ್ಡಿನ ಪಕ್ಕದಲ್ಲಿ ಇಟ್ಟಳು. "ಬರೀರಿ ಮತ್ತ ಒಂದು ಅರ್ಜಿ. ಅರವತ್ತು ಮನಿಗೆ ಎರಡು ನಲ್ಲಿ ಅಂತ. ನಡ್ಯಾಕ ನೀವು ಇದ್ದೀರಲ್ಲ" ಎಂದಳು. ಅದು ತಮಾಷೆಯೋ ನಿಜವೋ ಅವನಿಗೆ ತಿಳಿಯಲಿಲ್ಲ. ಮುಂದಿನ ವಾರ ಅವನು ಆ ಅರ್ಜಿಯನ್ನೂ ಬರೆಸಿದ.

ಆ ಚಳಿಗಾಲ ಗೌಸ ರಾಜ್ಯಕ್ಕೆ ನಾಲ್ಕನೆಯವನಾಗಿ ತಂಡದಲ್ಲಿ ಸೇರಿದ. ಫಾರಂ ಬಂದಾಗ ನೀಲಾವತಿ ಕೇಳದೆಯೇ ಒಂದು ಬಿಳಿ ಹಾಳೆ ಯಂತ್ರಕ್ಕೆ ಸಿಕ್ಕಿಸಿದಳು. "ಲಗತ್ತು ಎ: ಪಡೆದದ್ದರ ವಿವರ. ಒಂದು: ಹಾಲು, ದಿನಕ್ಕೆ ಅರ್ಧ ಲೀಟರು, ಸರಕಾರದಿಂದ." ಕಾರ್ಯದರ್ಶಿ ಓದಿ, ತಲೆಯ ಮೇಲೆ ಕೈಯಿಟ್ಟುಕೊಂಡು, ಆಮೇಲೆ ನಕ್ಕು ಪುಸ್ತಕಕ್ಕೆ ಸಹಿ ಹಾಕಿದರು. ರಾಷ್ಟ್ರೀಯ ಪಂದ್ಯದಲ್ಲಿ ಗೌಸ ಒಂಬತ್ತನೆಯವನಾದ. ಮೂವತ್ತೈದು ವರ್ಷದವನಿಗೆ ಅದು ಕಡಿಮೆಯದೇನಲ್ಲ.

ಆದರೆ ಇದಕ್ಕೆಲ್ಲ ಮೊದಲು, ಕಾರ್ಡು ಸಿಕ್ಕ ಮರುದಿನ ಬೆಳಿಗ್ಗೆ ಒಂದು ಮಾತಾಯಿತು. ಗೌಸ ಕುರ್ಲಾ ಸ್ಟೇಶನ್ನಿನ ಹತ್ತಿರದ ಹಾಲಿನ ಕೇಂದ್ರದಲ್ಲಿ ಬಾಟಲಿ ತೆಗೆದುಕೊಂಡು, ಲೋಕಲಿನ ನೂಕಾಟದಲ್ಲಿ ಒಡೆಯದಂತೆ ಎಡಗಂಕುಳಲ್ಲಿ ಒತ್ತಿಕೊಂಡು ಓವಲಿಗೆ ಬಂದ. ಅವನನ್ನು ಕಂಡ ಭೀಮರಾಯ ದೂರದಿಂದಲೇ ಕೂಗಿದ.

"ಏಳು ವರ್ಷ ಕೂಗಿ ಕೂಗಿ ಬಿಡಿಸೀನಿ, ಮತ್ತ ಗಿರವಿ ಇಟ್ಟ್ಯಾ ಆ ಕೈ!"

ಅಭ್ಯಾಸ ಮುಗಿಸಿ ಗೌಸ ಬಾಟಲಿಯೊಂದಿಗೆ ದೂಜನ ಹೋಟೆಲಿಗೆ ಬಂದ. ದೂಜ ಬಾಟಲಿಯ ಬೆಳ್ಳಿ ಮುಚ್ಚಳ ತೆಗೆದು, ಮೂಸಿ, ಬೆಳಕಿಗೆ ಹಿಡಿದು ನೋಡಿದ.

"ಇದು ಹಾಲಾ? ಎಮ್ಮೆ ಸ್ನಾನ ಮಾಡಿದ ನೀರಿರಬೇಕು. ಕೆನೆ ಎಲ್ಲಿ ಉಂಟು ಇದರಲ್ಲಿ?"

"ಸರಕಾರದ್ದು ದೂಜಣ್ಣ. ಕುಡೀಬಹುದು."

"ಹಸಿ ಕುಡಿತೀಯಾ? ಹೊಟ್ಟೆ ಕೆಡ್ತದೆ. ಕೊಡಿಲ್ಲಿ." ಅವನು ಹಾಲನ್ನು ಪಾತ್ರೆಗೆ ಸುರಿದು ಒಲೆಯ ಮೇಲಿಟ್ಟ. ಅದು ಉಕ್ಕುವವರೆಗೆ ಅಲ್ಲೇ ಸೊಂಟಕ್ಕೆ ಕೈಯಿಟ್ಟು ನಿಂತ. ಹಳೆಯ ದೊಡ್ಡ ಲೋಟಕ್ಕೆ ಹೊಯ್ದು ತಂದು ಮೇಜಿನ ಮೇಲೆ ಕುಟ್ಟಿದ.

ಗೌಸ ಲೋಟ ಮುಟ್ಟಲಿಲ್ಲ. ಏನೋ ಯೋಚನೆಯಲ್ಲಿದ್ದ.

"ಮತ್ತೆ ಎಂತ?"

"ಅಲ್ಲ... ಒಲಿ ನಿಮ್ಮದು. ಕಾಯಿಸಿದ್ದು ನೀವು. ಇದನ್ನ ಲಗತ್ತಿನಾಗ ಬರೀಬೇಕಾಗತದೇನ ಅಂತ."

ದೂಜ ಸೌಟು ಎತ್ತಿಕೊಂಡ. "ಬರಿ. ಅದರ ಕೆಳಗೆ ಇದನ್ನೂ ಬರಿ: ದೂಜ ಇವರಿಂದ ಬೆನ್ನಿಗೆ ನಾಲ್ಕು, ಬೇಕಾದಾಗ."

ಗೌಸ ಬಹಳ ದಿನಗಳ ಮೇಲೆ ಗಟ್ಟಿಯಾಗಿ ನಕ್ಕ. ಹಾಲು ತೆಳ್ಳಗಿತ್ತು. ಅದರ ಮೇಲಿನ ಕೆನೆ ಮಾತ್ರ ದಪ್ಪವಾಗಿತ್ತು. ಅದು ಸರಕಾರದ್ದಲ್ಲ, ಪಕ್ಕದ ಒಲೆಯ ಮೇಲೆ ಕಾಯುತ್ತಿದ್ದ ದೂಜನ ಎಮ್ಮೆಯ ಹಾಲಿನಿಂದ ಬಂದದ್ದು ಎಂದು ಮೊದಲ ಗುಟುಕಿಗೇ ಗೌಸನಿಗೆ ತಿಳಿಯಿತು. ಅವನು ದೂಜನ ಮುಖ ನೋಡಿದ. ದೂಜ ಗಲ್ಲಾದ ಕಡೆ ತಿರುಗಿ ಯಾರಿಗೋ ಚಿಲ್ಲರೆ ಕೊಡುತ್ತಿದ್ದ.

ಗೌಸ ಚಮಚ, ತಟ್ಟೆ ಕೇಳಿ ತರಿಸಿ, ಕೆನೆಯನ್ನು ಎತ್ತಿ ತಟ್ಟೆಯ ಅಂಚಿಗೆ ಇಟ್ಟ. ಉಳಿದ ಹಾಲನ್ನು ಕುಡಿದು, ಡೆಲಿವರಿ ಪುಸ್ತಕವನ್ನು ಎಡಗಂಕುಳಲ್ಲಿ ಒತ್ತಿಕೊಂಡು ಎದ್ದ. ಆಫೀಸು ತೆರೆಯಲು ಏಳು ನಿಮಿಷವಿತ್ತು. ನಡೆದರೆ ಸಾಕಾಗುತ್ತಿತ್ತು.